ಅಟ್ಟಣಿಗೆಯಿಂದ ಎಣಿಸಿದ ಆಳ

ಸಭೆಯಲ್ಲಿ ಎಲ್ಲರ ಮುಂದೆಯೂ ನೀರಿನ ಲೋಟವಿತ್ತು, ಅವಳ ಮುಂದೆ ಮಾತ್ರ ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಲೋಟ ಇಟ್ಟವನು ಬಾಗಿಲ ಪಕ್ಕದ ಈ ಕುರ್ಚಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ ಅಷ್ಟೆ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೇಳಿಕೊಂಡ ಮೇಲೆ ಮೈ ಇನ್ನಷ್ಟು ಉರಿಯಿತು. ಲೆಕ್ಕಕ್ಕೆ ಹಿಡಿಯದೆ ಇರುವುದೇ ಬೇಕೆಂದು ಬಿಡುವುದಕ್ಕಿಂತ ಕೆಟ್ಟದ್ದಲ್ಲವೆ? ಎದುರಿನ ಗೋಡೆಯ ಮೇಲೆ ಇದ್ದದ್ದು ಅವಳೇ ಬರೆದ ಚಿತ್ರ. ನೆಲವನ್ನು ಕತ್ತಿಯಿಂದ ಸೀಳಿ ಪಕ್ಕದಿಂದ ನೋಡಿದ ಹಾಗೆ, ಮೇಲ್ಗಡೆ ಮನೆಗಳ ಪುಟ್ಟ ಪುಟ್ಟ ಚೌಕಗಳು, ಅವುಗಳ ಕೆಳಗೆ ಮಣ್ಣು, ಸಡಿಲ ಮರಳು, ತೆಳ್ಳಗೆ ಒಂದು ಜೇಡಿಮಣ್ಣಿನ ಪದರ, ಅದರ ಅಡಿಯಲ್ಲಿ ಮರಳುಗಲ್ಲು. ಆ ಮರಳುಗಲ್ಲಿನಲ್ಲಿ ಒಂದು ಕಾಲಕ್ಕೆ ಗ್ಯಾಸ್ ತುಂಬಿತ್ತು. ಬಾವಿ ಕೊರೆದು ಹೀರಿ ಹೀರಿ ಬರಿದು ಮಾಡಿದ್ದರು. ಈಗ ಅದೇ ಬರಿದಾದ ಕಲ್ಲಿನೊಳಕ್ಕೆ ದೂರದಿಂದ ತಂದ ಗ್ಯಾಸನ್ನು ತುಂಬಿ, ಬೇಕಾದಾಗ ತೆಗೆಯುವ ಉಗ್ರಾಣ ಮಾಡಬೇಕು, ಮಾಡಬಹುದೇ ಇಲ್ಲವೇ ಎಂದು ನೋಡಿ ಹೇಳಬೇಕಾದವಳು ಅವಳು. ಮರಳುಗಲ್ಲಿಗೆ ಅವಳು ಹಳದಿ ಬಣ್ಣ ಹಚ್ಚಿದ್ದಳು. ಆ ಹಳದಿಯನ್ನು ಆಫೀಸಿನ ಮುಖ್ಯಸ್ಥರು ಪೆನ್ನಿನ ಹಿಂಬದಿಯಿಂದ ಟಕ್ ಟಕ್ ಎಂದು ಬಡಿದರು, ಬಾಗಿಲು ಬಡಿಯುವವರ ಹಾಗೆ.

“ನೋಡಿ, ವಿಷಯ ಬಹಳ ಸರಳ. ಡಬ್ಬ ಖಾಲಿ ಇದೆ. ಬೇಸಿಗೇಲಿ ತುಂಬಿಸ್ತೀವಿ, ಚಳಿಗಾಲದಲ್ಲಿ ತೆಗೀತೀವಿ. ಮುಚ್ಚಳ ಗಟ್ಟಿ ಇದೆ. ಕೋಟ್ಯಂತರ ವರ್ಷ ಗ್ಯಾಸನ್ನ ಕೆಳಗೇ ಹಿಡಿದಿಟ್ಟ ಮುಚ್ಚಳ, ನಾಳೆ ನಮ್ಮನ್ನ ನೋಡಿ ಬಿಟ್ಟುಬಿಡುತ್ತಾ?”

ಮೇಜಿನ ಸುತ್ತ ನಗು ಎದ್ದಿತು. ಮೊದಲು ನಕ್ಕವನು ಅವಳ ಪಕ್ಕದ ಮೇಜಿನಲ್ಲಿ ಕೆಲಸ ಮಾಡುವವನು. ಆಫೀಸಿನಲ್ಲಿ ಅವನಿಗೆ ಹೌದ್ಸಾರ್ ಅಂತಲೇ ಹೆಸರು. ಮುಖ್ಯಸ್ಥರು ಮಾತು ಮುಗಿಸುವ ಮೊದಲೇ ಹೌದು ಸಾರ್ ಅನ್ನುತ್ತಾನೆ, ಆಮೇಲೆ ಯಾವುದಕ್ಕೆ ಹೌದು ಅಂದೆ ಎಂದು ಅವಳನ್ನು ಕೇಳುತ್ತಾನೆ.

“ಕೋಟ್ಯಂತರ ವರ್ಷ ಅದರಲ್ಲಿ ತೂತು ಇರಲಿಲ್ಲ ಸಾರ್. ತೂತು ಕೊರೆದಿದ್ದು ನಾವು,” ಎಂದಳು ಅವಳು.

“ಏನಂದ್ರಿ?”

ಗಂಟಲು ಒಣಗಿದ್ದರಿಂದ ಮಾತು ಕೆಮ್ಮಿನ ಹಾಗೆ ಬಂದಿತ್ತು. ಎರಡನೇ ಸಲ ಹೇಳುವಾಗ ಅದೇ ಮಾತಿನ ಬಿಸಿ ಆರಿಹೋಗಿ, ಯಾವುದೋ ಪಾಠ ಒಪ್ಪಿಸಿದಂತಾಯಿತು. ಮುಖ್ಯಸ್ಥರು ತಲೆಯಾಡಿಸಿದರು. ಅವರ ತಲೆಯಾಡಿಸುವಿಕೆ ಅವಳಿಗೆ ಚೆನ್ನಾಗಿ ಗೊತ್ತು. ಅದು ಒಪ್ಪಿಗೆಯಲ್ಲ, ಮುಂದಿನ ಮಾತಿಗೆ ಜಾಗ ಮಾಡಿಕೊಳ್ಳುವುದು. ಉಗ್ರಾಣಕ್ಕೆ ಬಂಡವಾಳ ಹಾಕುವ ಕಂಪನಿಯಿಂದ ಬಂದಿದ್ದ ಹೆಂಗಸು ಮಾತ್ರ ಅವಳ ಕಡೆ ತಿರುಗಿ, “ಹಳೇ ಬಾವಿಗಳನ್ನೆಲ್ಲ ಸಿಮೆಂಟು ಹಾಕಿ ಮುಚ್ಚಿದಾರಲ್ವಾ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಅದಕ್ಕಾಗಿಯೇ ಅವಳು ತಿಂಗಳುಗಟ್ಟಲೆ ಕಾದಿದ್ದಳು. ಎದ್ದು ನಿಂತು ಹೇಳಬೇಕು ಅನ್ನಿಸಿತು, ಎದ್ದರೆ ಕುರ್ಚಿ ಬಾಗಿಲಿಗೆ ತಾಗುತ್ತದೆ ಎಂದು ಕೂತೇ ಹೇಳಿದಳು. ಬಾವಿ ಕೊರೆಯುವವರು ನಿಲ್ಲುವುದು ನೆಲದ ಮೇಲಲ್ಲ, ನೆಲದಿಂದ ಒಂಬತ್ತು ಮೀಟರ್ ಎತ್ತರದ ಕಬ್ಬಿಣದ ಅಟ್ಟಣಿಗೆಯ ಮೇಲೆ. ಕೊಳವೆ ಎಷ್ಟು ಕೆಳಗೆ ಇಳಿಯಿತು ಎಂದು ಅವರು ತಮ್ಮ ಕಾಲಬುಡದಿಂದ ಎಣಿಸುತ್ತಾರೆ. ಕಲ್ಲು ಮಣ್ಣಿನ ಲೆಕ್ಕ ಇಡುವವರು ನೆಲದಿಂದ ಎಣಿಸುತ್ತಾರೆ. ಇಬ್ಬರ ಸೊನ್ನೆಯೂ ಬೇರೆ ಬೇರೆ. ಆದ್ದರಿಂದ ಬಾವಿ ಮುಚ್ಚುವ ದಿನ, ಮುಚ್ಚಳವಾಗಿರುವ ಜೇಡಿಯ ಆಳಕ್ಕೆ ಅಟ್ಟಣಿಗೆಯ ಎತ್ತರ ಕೂಡಿಸಿಕೊಂಡು ಸಿಮೆಂಟು ಇಳಿಸಬೇಕು. ಗ್ಯಾಸ್ ತೆಗೆದ ಆ ಬಯಲಿನ ಬಾವಿಗಳಲ್ಲೆಲ್ಲ ಜೇಡಿಯ ಅಂಕಿಗೂ ಸಿಮೆಂಟಿನ ಅಂಕಿಗೂ ಒಂಬತ್ತು ಮೀಟರ್ ವ್ಯತ್ಯಾಸವಿದೆ. ಏಳನೇ ಬಾವಿಯಲ್ಲಿ ಮಾತ್ರ ಎರಡೂ ಅಂಕಿ ಒಂದೇ.

“ಅಂದ್ರೆ?” ಎಂದಳು ಕಂಪನಿಯವಳು.

“ಅಂದ್ರೆ ಯಾರೋ ನೆಲದಿಂದ ಅಳೆದ ಅಂಕಿ ಕೊಟ್ರು, ಇನ್ಯಾರೋ ಅದನ್ನ ಅಟ್ಟಣಿಗೆಯಿಂದ ಎಣಿಸಿದ್ರು. ಸಿಮೆಂಟು ಒಂಬತ್ತು ಮೀಟರ್ ಮೇಲೆ ಕೂತಿದೆ. ಅಲ್ಲಿ ಜೇಡಿ ಇರೋದೇ ಏಳು ಮೀಟರ್ ದಪ್ಪ. ಸೀಸೆ ಕತ್ತಿನಲ್ಲಿ ಇರಬೇಕಾದ ಬಿರಡೆ, ಕತ್ತು ಬಿಟ್ಟು ಮೇಲೆ ನಿಂತಿದೆ.”

“ಮೇಡಂ,” ಎಂದರು ಮುಖ್ಯಸ್ಥರು, ಮಗುವಿನ ಕೈಯಿಂದ ಕತ್ತರಿ ಬಿಡಿಸಿಕೊಳ್ಳುವ ಮೆದುವಿನಲ್ಲಿ, “ಎರಡು ಅಂಕಿ ಬೇರೆಬೇರೆ ಇದ್ರೆ ಜನ ಗಾಬರಿ ಆಗ್ತಾರೆ. ಒಂದೇ ಇದೆ ಅಂತ ಗಾಬರಿ ಆದೋರನ್ನ ನಾನು ಇವತ್ತೇ ನೋಡಿದ್ದು.”

ಈ ಸಲದ ನಗು ಮೊದಲಿನದಕ್ಕಿಂತ ದೊಡ್ಡದಾಗಿತ್ತು, ಕಂಪನಿಯವಳೂ ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಮುಗಿಯುವುದನ್ನೇ ಕಾಯುತ್ತ ಅವಳು ತನ್ನ ಚಿತ್ರವನ್ನು ನೋಡಿದಳು. ಅಟ್ಟಣಿಗೆ ಅದರಲ್ಲಿ ಇರಲಿಲ್ಲ. ಹೇಗೆ ಇರುತ್ತದೆ? ಬಾವಿ ಮುಗಿದ ಮೇಲೆ ಅದನ್ನು ಬಿಚ್ಚಿ ಬೇರೆ ಕಡೆ ಒಯ್ಯುತ್ತಾರೆ. ಭೂಮಿಯ ಆಳವನ್ನೆಲ್ಲ ಈಗ ಇಲ್ಲದ ಒಂದು ಹಲಗೆಯ ಮೇಲಿಂದ ಅಳೆದಿದ್ದಾರೆ ಎಂಬ ಯೋಚನೆಗೆ ಒಮ್ಮೊಮ್ಮೆ ಕಾಲ ಕೆಳಗಿನ ನೆಲವೇ ಜಾರಿದಂತಾಗುತ್ತಿತ್ತು. ಚಿಕ್ಕಂದಿನಲ್ಲಿ ಹೊಸ್ತಿಲ ಪಕ್ಕದ ಗೋಡೆಗೆ ಒರಗಿಸಿ ಅಪ್ಪ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು, ಮೊದಲು ಅಕ್ಕನಿಗೆ, ಆಮೇಲೆ ಅವಳಿಗೆ. ಒಂದು ಸಲ ಅವಳು ಹೊಸ್ತಿಲ ಮೇಲೆ ನಿಂತಿದ್ದಳು, ಅಪ್ಪನ ಕಣ್ಣು ಪೆನ್ಸಿಲಿನ ಮೇಲಿತ್ತು, ಕಾಲಿನ ಮೇಲಲ್ಲ. ಅಮ್ಮ ಒಳಗಿನಿಂದ ಬಂದು ನೋಡಿ ಚಿಕ್ಕವಳು ದೊಡ್ಡವಳನ್ನ ಹಿಡಿದೇಬಿಟ್ಟಳಲ್ಲ ಎಂದು ನಕ್ಕಳು. ಅಕ್ಕ ಕೆಳಗೆ ನೋಡಿದಳು, ತಂಗಿಯ ಪಾದಗಳನ್ನು ನೋಡಿದಳು, ಏನೂ ಹೇಳಲಿಲ್ಲ. ಮೇಜಿನ ಸುತ್ತ ನಗು ನಿಂತಿತ್ತು. ಯಾರೋ ಏನೋ ಕೇಳಿದ್ದರು.

“ನಿಮ್ಮ ಅಕ್ಕನ ಮನೆ ಆ ಏಳನೇ ಬಾವಿ ಇರೋ ಬೀದಿಯಲ್ಲೇ ಅಂತೆ?”

ಮುಖ್ಯಸ್ಥರು ಇದನ್ನು ಕ್ಷೇಮಸಮಾಚಾರ ಕೇಳುವವರ ದನಿಯಲ್ಲಿ ಕೇಳಿದ್ದರು. ಅವಳು ಹೌದ್ಸಾರ್ ಕಡೆ ನೋಡಿದಳು. ಅವನು ತನ್ನ ಲೋಟದ ನೀರನ್ನು ನೋಡುತ್ತಿದ್ದ. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ, ಹಳೆಯ ಬಯಲಿನ ನಕ್ಷೆಯ ಮೇಲೆ ಈಗಿನ ಬೀದಿಗಳ ನಕ್ಷೆ ಇಟ್ಟು ನೋಡಿದೆ, ಏಳನೇ ಬಾವಿ ನಮ್ಮ ಅಕ್ಕನ ಮನೆ ಹಿಂಭಾಗಕ್ಕೆ ಬೀಳುತ್ತೆ ಕಣೋ, ಹೇಗೆ ಹೇಳಲಿ ಅವಳಿಗೆ, ಎಂದು ಅವನ ಮುಂದೆ ಒಮ್ಮೆ ಬಾಯಿ ಬಿಟ್ಟಿದ್ದಳು. ಅವನು ಆಗ ಅಯ್ಯೋ ಪಾಪ ಎಂದಿದ್ದ, ತನ್ನ ತಟ್ಟೆಯ ಬಿಸ್ಕತ್ತನ್ನು ಅವಳ ಕಡೆ ಸರಿಸಿದ್ದ.

“ಇದೆ ಸಾರ್.”

“ಅದನ್ನ ಮೊದಲೇ ಹೇಳಬಹುದಿತ್ತು. ನಾನೇನೂ ಅನ್ನಲ್ಲ. ನಮ್ಮವರಿಗೆ ನಾಲ್ಕು ಕಾಸು ಪರಿಹಾರ ಸಿಗಲಿ ಅಂತ ಯಾರಿಗೆ ಇರಲ್ಲ ಹೇಳಿ? ಮನೆ ಒಡೆದು ಅಗೀಬೇಕು ಅಂದ್ರೆ ಕಂಪನಿ ಹೊಸ ಮನೇನೇ ಕಟ್ಟಿಸಿಕೊಡಬೇಕಾಗುತ್ತೆ. ಆದ್ರೆ ಅದನ್ನ ವಿಜ್ಞಾನ ಅಂತ ಗೋಡೆ ಮೇಲೆ ಅಂಟಿಸಬಾರದು.”

ಅವಳಿಗೆ ತಕ್ಷಣ ಅರ್ಥವೇ ಆಗಲಿಲ್ಲ. ಅಕ್ಕನ ಮನೆ ಉಳಿಯಲಿ ಎಂದು ಎಷ್ಟು ಸಲ ಅದೇ ಲೆಕ್ಕವನ್ನು ತಿರುಗಿಸಿ ತಿರುಗಿಸಿ ಮಾಡಿದ್ದಳು, ತನ್ನ ಲೆಕ್ಕ ತಪ್ಪಾಗಲಿ ಎಂದು ಹಾರೈಸಿದ್ದಳು, ಅಟ್ಟಣಿಗೆ ಅಷ್ಟು ಎತ್ತರ ಇದ್ದಿರಲಾರದು ಎಂದು ಹಳೆಯ ಫೋಟೋದಲ್ಲಿ ಮನುಷ್ಯರ ಎತ್ತರ ಹಿಡಿದು ಅಳೆದಿದ್ದಳು. ಆ ಸಂಕಟವನ್ನೆಲ್ಲ ಈ ಮನುಷ್ಯ ಒಂದು ಉಸಿರಿನಲ್ಲಿ ಕೊಳಕು ಮಾಡಿಬಿಟ್ಟ. ಇಡೀ ಮೇಜು ಅವಳನ್ನು ನೋಡುತ್ತಿತ್ತು, ಕೆಲವರು ಕನಿಕರದಿಂದ, ಅದೇ ಹೆಚ್ಚು ಅಸಹ್ಯ. ಅಲ್ಲ ಎಂದು ಕೂಗಬೇಕಿತ್ತು. ಮೇಜು ಗುದ್ದಬೇಕಿತ್ತು. ಅವಳು ಮಾಡಿದ್ದು ಇಷ್ಟೆ: “ಹಾಗಲ್ಲ ಸಾರ್, ಒಂದು ಲೋಹ ಹುಡುಕೋ ಯಂತ್ರ ಒಯ್ದು ನೋಡೋಣ ಅಂತ ನಾನು...”

“ಮನೆಮನೆಗೂ ಯಂತ್ರ ಹಿಡಕೊಂಡು ಹೋದ್ರೆ ಸಂಜೆಗೆ ಊರು ತುಂಬ ಸುದ್ದಿ. ಬೇಡ. ಹಳೇ ಬಾವಿಗಳೆಲ್ಲ ಭದ್ರ ಅನ್ನೋ ಪುಟಕ್ಕೆ ಸಂಜೆ ಒಳಗೆ ನಿಮ್ಮ ಸಹಿ ಬೇಕು. ಊಟ ಮಾಡಿ, ಸ್ವಲ್ಪ ಯೋಚನೆ ಮಾಡಿ.” ಆಮೇಲೆ ಬಾಗಿಲ ಕಡೆ ತಿರುಗಿ, “ಯಾರಾದ್ರೂ ಮೇಡಂಗೆ ನೀರು ಕೊಡ್ರಪ್ಪ,” ಎಂದರು.

ನೀರು ಬರುವ ಮೊದಲೇ ಅವಳು ಎದ್ದಿದ್ದಳು. ಕುರ್ಚಿ ಬಾಗಿಲಿಗೆ ತಾಗಿ ದೊಡ್ಡ ಸದ್ದಾಯಿತು. ಮೆಟ್ಟಿಲಿನಲ್ಲಿ ಹೌದ್ಸಾರ್ ಹಿಂದೆಯೇ ಓಡಿಬಂದ. “ನಾನು ಕೆಟ್ಟದಾಗಿ ಹೇಳಿಲ್ಲ ಕಣ್ರಿ, ಅವರು ಸುಮ್ನೆ ಕೇಳಿದ್ರು, ನಾನು ಸುಮ್ನೆ ಹೇಳಿದೆ,” ಎಂದ. ಅವನ ಮುಖ ನಿಜವಾಗಿಯೂ ಸೋತಿತ್ತು. “ಸುಮ್ನೆ ಇರೋದು ಅಂದ್ರೆ ಏನು ಅಂತ ನಿನಗೆ ಗೊತ್ತಿದ್ರೆ ಚೆನ್ನಾಗಿತ್ತು,” ಎಂದಳು. ಒಂದು ಒಳ್ಳೆಯ ಮಾತು ಆಡಿದೆ ಎಂಬ ಸಮಾಧಾನ ಬಾಗಿಲು ದಾಟುವವರೆಗೂ ಇತ್ತು. ಬೀದಿಗೆ ಬಂದ ಮೇಲೆ, ಸುಮ್ಮನಿದ್ದವಳು ತಾನೇ ಅಲ್ಲವೇ ಎಂಬುದು ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಇಟ್ಟಂತಾಯಿತು.

ಅಕ್ಕನ ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಒಳಗೊಳಗೇ ಅವಳು ಮುಖ್ಯಸ್ಥರಿಗೆ ಉತ್ತರ ಕೊಡುತ್ತಿದ್ದಳು, ಒಂದಕ್ಕಿಂತ ಒಂದು ಚೂಪಾದ ಉತ್ತರ. ನಿಮ್ಮ ಮನೆ ಅಲ್ಲಿದ್ದಿದ್ದರೆ? ನಿಮ್ಮ ಮಗಳನ್ನು ಆ ಕೋಣೆಯಲ್ಲಿ ಮಲಗಿಸುತ್ತಿದ್ದಿರಾ? ಬರಿದಾದ ಕಲ್ಲಿನಲ್ಲಿ ಒತ್ತಡವಿಲ್ಲ, ಅದಕ್ಕೇ ಇಷ್ಟು ವರ್ಷ ಆ ತಪ್ಪು ಮಲಗಿತ್ತು, ಹೊಟ್ಟೆ ತುಂಬಿಸಿ ಎಬ್ಬಿಸುವವರು ನೀವು. ಬಾವಿ ಮುಚ್ಚಿದ ದಿನ ಯಾರೋ ನೆಗಡಿ ಹಿಡಿದವನು, ಮನೆಗೆ ಹೋಗುವ ಆತುರದಲ್ಲಿದ್ದವನು, ಮಳೆಯಲ್ಲಿ ಅಟ್ಟಣಿಗೆಯ ಮೇಲೆ ನಿಂತು ಕೈಗೆ ಬಂದ ಅಂಕಿಯನ್ನು ಕೂಡಿಸದೆ ಎಣಿಸಿರಬೇಕು. ಅವನ ಮೇಲೆ ಅವಳಿಗೆ ಅಷ್ಟು ಸಿಟ್ಟಿಲ್ಲ. ಗೊತ್ತಿಲ್ಲದೆ ಮಾಡಿದ. ಗೊತ್ತಿದ್ದೂ ನಗುವವರನ್ನು ಏನು ಮಾಡಬೇಕು? ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡವರನ್ನು? ಬಸ್ಸು ತಿರುವಿನಲ್ಲಿ ವಾಲಿತು. ಅಕ್ಕನ ಬೀದಿಯ ಮೊದಲ ಮನೆಗಳು ಕಂಡವು, ಒಂದಕ್ಕೊಂದು ಗೋಡೆ ಹಚ್ಚಿಕೊಂಡು ಸಾಲಾಗಿ ನಿಂತ ಪುಟ್ಟ ಮನೆಗಳು, ಒಣಗಲು ಹಾಕಿದ ಬಟ್ಟೆಗಳು, ಸೈಕಲ್ಲು, ಯಾರದೋ ಬಾಗಿಲಲ್ಲಿ ಬಿಸಿಲು ಕಾಯಿಸುವ ಬೆಕ್ಕು. ಬಯಲನ್ನು ತುಂಡು ತುಂಡು ಮಾಡಿ ಮಾರಿದಾಗ ಭಾವ ತಾನು ಹುಡುಕಿದ ಜಾಗ ಎಂದು ಎಷ್ಟು ಹಿಗ್ಗಿದ್ದ. ಇಷ್ಟು ಸಮತಟ್ಟಾದ ನೆಲ ಎಲ್ಲಿ ಸಿಗುತ್ತೆ ಹೇಳು, ಅನ್ನುತ್ತಿದ್ದ. ಬಾವಿ ಕೊರೆಯುವ ರಿಗ್ಗು ನಿಲ್ಲಿಸಲಿಕ್ಕೆಂದು ಸಮ ಮಾಡಿದ ನೆಲ ಅದು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಬಾಗಿಲು ತೆರೆದೇ ಇತ್ತು. ಅಕ್ಕ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದಿದ್ದಳು. ಬೀದಿಯವರ ಬಟ್ಟೆಗಳನ್ನು ಉದ್ದ ಗಿಡ್ಡ ಮಾಡಿಕೊಡುವುದು ಅವಳ ಕೆಲಸ. ಯಾರಾದರೂ ಬಟ್ಟೆ ಕೊಡಲು ಬಂದರೆ ಅವರ ಮುಖ ನೋಡದೆ ಅಳತೆ ಮಾತ್ರ ತೆಗೆದುಕೊಳ್ಳುವವಳು, ಹೆಚ್ಚು ಕಡಿಮೆಯಾದರೆ ಎದುರು ಮಾತಾಡಲು ಬಾರದೆ ಗಂಡನನ್ನು ಮುಂದೆ ಕಳಿಸುವವಳು. ಯಂತ್ರದ ಆಚೆ ಗೋಡೆಗೆ ಹತ್ತಿಕೊಂಡ ಮಂಚದ ಮೇಲೆ ಅಮ್ಮ ಕಾಲು ಇಳಿಬಿಟ್ಟು ಕೂತು ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತಿದ್ದಳು. ಚಳಿ ಶುರುವಾದಾಗ ಅಮ್ಮನನ್ನು ಮುಂದಿನ ಕೋಣೆಯಿಂದ ಇಲ್ಲಿಗೆ ತಂದಿದ್ದರು, ಇಲ್ಲಿ ಬೆಚ್ಚಗಿರುತ್ತದೆ ಎಂದು.

“ಏನೇ ಪುಟ್ಟಿ, ಹಾಡುಹಗಲೇ ಬಂದಿದೀಯ? ಕೆಲಸದಿಂದ ಓಡಿಸಿದ್ರಾ?” ಎಂದು ನಕ್ಕ ಭಾವ, ರಾತ್ರಿ ಪಾಳಿ ಮುಗಿಸಿ ಮಲಗಿ ಆಗಷ್ಟೇ ಎದ್ದವನು. ಯಾವಾಗಲೂ ಹೀಗೆಯೇ ಅವನ ಸ್ವಾಗತ.

“ಓಡಿಸ್ತಾರೆ ಭಾವ. ಇವತ್ತು ಸಂಜೆ.”

ಅವನ ನಗು ಹಾಗೇ ಮುಖದ ಮೇಲೆ ಉಳಿಯಿತು. ಮೊದಲು ಊಟ ಮಾಡು ಎಂದಳು ಅಮ್ಮ. ಅಮ್ಮನಿಗೆ ಯಾವ ಸುದ್ದಿಯಾದರೂ ಊಟದ ನಂತರವೇ. ಅವಳು ಊಟ ಬೇಡ ಎಂದು ಬಾಗಿಲ ಚೌಕಟ್ಟಿಗೆ ಒರಗಿಕೊಂಡು ಹೇಳಿದಳು. ಬೆಳಿಗ್ಗೆ ಆ ಕೋಣೆಯಲ್ಲಿ ಹೇಳಿದ್ದಕ್ಕಿಂತ ಸರಳವಾಗಿ, ಬಿರಡೆ ಮತ್ತು ಸೀಸೆ ಹಿಡಿದು. ಹೇಳುತ್ತಿದ್ದಂತೆ ಹಳೆಯ ಸಿಟ್ಟು ಮತ್ತೆ ಏರಿತು, ಮುಖ್ಯಸ್ಥರ ಮಾತನ್ನು ಅವರ ದನಿಯಲ್ಲೇ ಆಡಿ ತೋರಿಸಿದಳು, ನಾಲ್ಕು ಕಾಸು ಪರಿಹಾರ ಎಂದದ್ದನ್ನೂ. ಭಾವ ಗೋಡೆಗೆ ಕೈ ಊರಿ ನಿಂತ.

“ತಡಿ ತಡಿ. ಈ ಮನೆ ಕೆಳಗೆ ಬಾವಿ ಇದೆ ಅಂತೀಯ. ಇದ್ರೆ ಏನಾಯ್ತು, ಇಷ್ಟು ವರ್ಷ ಇತ್ತು.”

“ಖಾಲಿ ಇತ್ತು ಭಾವ. ಇನ್ಮೇಲೆ ತುಂಬಿಸ್ತಾರೆ.”

“ಸೋರಿದ್ರೆ ವಾಸನೆ ಬರುತ್ತೆ, ಆಗ ನೋಡಿದ್ರಾಯ್ತು.”

“ಅಷ್ಟು ಮಣ್ಣು ದಾಟಿ ಬರೋವಾಗ ವಾಸನೆ ಮಣ್ಣಿಗೇ ಅಂಟಿಕೊಂಡು ಬಿಡಬಹುದು. ಬರೋದು ಗೊತ್ತೇ ಆಗಲ್ಲ.”

“ಹಾಗಾದ್ರೆ ಏನ್ಮಾಡಬೇಕು ಅಂತ?”

“ಬಾವಿ ಹುಡುಕಬೇಕು. ಸಿಕ್ಕ ಮೇಲೆ ಮತ್ತೆ ತೆರೆದು ಸರಿಯಾಗಿ ಮುಚ್ಚಬೇಕು. ಅದಕ್ಕೆ ಈ ಕಡೆ ಮನೆ...”

“ಒಡೀಬೇಕು,” ಎಂದ ಭಾವ. “ಹೇಳು, ಹೇಳಿಬಿಡು. ನಿನ್ನ ಓದೆಲ್ಲ ಕೊನೆಗೆ ನನ್ನ ಅಡಿಪಾಯಕ್ಕೇ ಬಂತಲ್ಲ ಮಾರಾಯ್ತಿ! ಪರಿಹಾರ ಅಂತೆ. ಯಾರಪ್ಪ ಕೊಡ್ತಾನೆ? ನಿನ್ನ ಮುಖ್ಯಸ್ಥ ಈಗಲೇ ನಿನ್ನ ಮಾತು ನಂಬಲ್ಲ, ನಾಳೆ ನಮ್ಮನ್ನ ನಂಬ್ತಾನಾ? ಬಾಯಿ ಮುಚ್ಕೊಂಡು ಸಹಿ ಹಾಕಿ ಬಾ. ಇಲ್ಲಾಂದ್ರೆ ಇನ್ನೊಬ್ಬ ಹಾಕ್ತಾನೆ. ನಿನ್ನ ಕೆಲಸ ಹೋಗುತ್ತೆ, ನಮ್ಮ ಮನೆ ಹೋಗುತ್ತೆ, ಗ್ಯಾಸ್ ಮಾತ್ರ ತುಂಬೇ ತುಂಬ್ತಾರೆ.”

ಅವನು ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಅದಕ್ಕೇ ಇನ್ನಷ್ಟು ಕೆರಳಿತು. ಅಲ್ಲಿ ಒಬ್ಬ ಮನೆ ಕಟ್ಟಿಸಿಕೊಳ್ಳಲು ಬಂದವಳು ಎಂದ, ಇಲ್ಲಿ ಒಬ್ಬ ಮನೆ ಕೆಡವಲು ಬಂದವಳು ಅನ್ನುತ್ತಾನೆ. ಇಬ್ಬರೂ ಒಂದು ಸಲವಾದರೂ ಕೆಳಗೆ ಏನಿದೆ ಎಂದು ಕೇಳಲಿಲ್ಲ. “ನಿಮಗೆಲ್ಲ ಸತ್ಯ ಬೇಡ ಭಾವ. ಅಲ್ಲಿ ಅವರಿಗೂ ಬೇಡ. ಹೇಳೋಳು ಒಬ್ಬಳು ಸಿಕ್ಕಿದಾಳೆ, ಬಾಯಿಗೆ ಬಂದ ಹಾಗೆ ಅನ್ನಿ,” ಎಂದಳು. ದನಿ ಏರಿತ್ತು. ಆ ಏರಿದ ದನಿ ಅವಳಿಗೇ ಇಷ್ಟವಾಯಿತು. ಬೆಳಿಗ್ಗೆ ಇದೇ ದನಿ ಎಲ್ಲಿ ಹೋಗಿತ್ತು?

ಯಂತ್ರದ ಗಾಲಿ ನಿಂತದ್ದು ಆಗ ಗಮನಕ್ಕೆ ಬಂತು. ಅಕ್ಕ ಸೂಜಿಯ ಕೆಳಗಿನ ಬಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಕೇಳಿದಳು.

“ಯಾವಾಗಿಂದ ಗೊತ್ತು ನಿನಗೆ?”

“ಏನು?”

“ಇಲ್ಲಿದೆ ಅಂತ.”

ಎರಡು ಅಂಕಿ ಒಂದೇ ಇರುವುದು ಮೊದಲು ಕಂಡ ದಿನ, ಖಚಿತವಾಗಲಿ ಎಂದು ಕಾದೆ ಎನ್ನಬಹುದಿತ್ತು. ಖಚಿತವಾದ ಮೇಲೂ ಮುಖ್ಯಸ್ಥರಿಗೆ ಹೇಳಿದರೆ ಅವರೇ ಸರಿಮಾಡುತ್ತಾರೆ, ಮನೆಯವರನ್ನು ಯಾಕೆ ಹೆದರಿಸಬೇಕು ಎಂದುಕೊಂಡೆ ಎನ್ನಬಹುದಿತ್ತು. ಸುಳ್ಳೇನಲ್ಲ. “ಬೇಸಿಗೆಯಿಂದ,” ಎಂದಳು.

“ಈ ಕೋಣೆ ಕಟ್ಟಿಸಿದ್ದು ಬೇಸಿಗೆ ಮುಗಿದ ಮೇಲೆ.”

“ಹೂಂ.”

“ನೀನು ಬಂದಿದ್ದೆ. ಅಲ್ಲೇ, ಆ ಕಿಟಕಿ ಹತ್ತಿರ ನಿಂತಿದ್ದೆ. ನಾನು ಹೇಗಿದೆ ಅಂತ ಕೇಳಿದೆ. ಚೆನ್ನಾಗಿದೆ, ಒಳ್ಳೆ ಬೆಳಕು ಅಂದೆ.” ಅಕ್ಕನ ದನಿ ಏರಲಿಲ್ಲ. ಅವಳು ಬಟ್ಟೆಯ ಮಡಿಕೆಯನ್ನು ಉಗುರಿನಿಂದ ಗೀರುತ್ತ ಮಾತಾಡುತ್ತಿದ್ದಳು, ಅಳತೆ ಹೇಳುವ ಹಾಗೆ. “ಅಮ್ಮನ ಮಂಚ ಇಲ್ಲಿ ತಂದಾಗ ಆ ತುದಿ ನೀನೇ ಹಿಡಿದಿದ್ದೆ. ನೆನಪಿದೆಯಾ? ಭಾರ ಅಂತ ಬೈದೆ ಬೇರೆ. ಅವರು ನಿನ್ನ ಮಾತು ಕೇಳಲಿಲ್ಲ ಅಂತ ನಿನಗೆ ಇಷ್ಟು ಸಿಟ್ಟು. ನೀನು ನನಗೆ ಮಾತೇ ಹೇಳಲಿಲ್ಲವಲ್ಲೇ.”

ಅಮ್ಮನ ಕೈಯಿಂದ ಒಂದು ಗುಂಡಿ ಜಾರಿ ಹೊಸ ನೆಲದ ಮೇಲೆ ಉರುಳಿಕೊಂಡು ಹೋಗಿ ಗೋಡೆಗೆ ತಾಗಿ ಬಿತ್ತು. ಅವಳು ಅಂದು ಮಂಚದ ತುದಿ ಹಿಡಿದಿದ್ದು ನಿಜ. ಹಿಡಿದು ಈ ಕೋಣೆಗೆ ಬರುವಾಗ ಒಂದು ಕ್ಷಣ ಬಾಗಿಲಲ್ಲಿ ನಿಂತಿದ್ದಳು, ಅಕ್ಕ ಏನಾಯ್ತು ಅಂದಳು, ಏನಿಲ್ಲ, ಕೈ ಜಾರಿತು ಅಂದಿದ್ದಳು. ಆಗ ಕಲ್ಲು ಇನ್ನೂ ಬರಿದಾಗಿದೆ, ಏನೂ ಆಗುವುದಿಲ್ಲ, ಸಮಯವಿದೆ ಎಂದು ಲೆಕ್ಕ ಹಾಕಿದ್ದಳು. ಮುಖ್ಯಸ್ಥರ ಲೆಕ್ಕವೂ ಬೇರೆಯಲ್ಲ. ಊರು ತುಂಬ ಸುದ್ದಿಯಾಗುತ್ತದೆ ಎಂದು ಅವರು ಹೆದರಿದರು, ಈ ಮುಖ ನೋಡಬೇಕಾಗುತ್ತದೆ ಎಂದು ಅವಳು. ಬೆಳಿಗ್ಗೆಯಿಂದ ಎದೆಯಲ್ಲಿ ಉರಿಯುತ್ತಿದ್ದ ಬೆಂಕಿ ಆರಲಿಲ್ಲ, ಸುಡುವುದಕ್ಕೆ ಇನ್ನೊಬ್ಬರನ್ನು ಕಂಡುಕೊಂಡಿತು, ಅಷ್ಟೆ.

ಚೀಲದಲ್ಲಿ ಫೋನು ಬಡಿದುಕೊಂಡಿತು. ಮುಖ್ಯಸ್ಥರೇ. ಅವಳು ಎಲ್ಲರ ಎದುರೇ ಎತ್ತಿದಳು.

“ಊಟ ಆಯ್ತಾ ಮೇಡಂ? ಕಂಪನಿಯವರು ಕಾಯ್ತಾ ಇದಾರೆ.”

“ನಾನು ಸಹಿ ಹಾಕಲ್ಲ ಸಾರ್. ಬಾವಿ ಹುಡುಕಿ, ಆಮೇಲೆ ಮಾತಾಡೋಣ.”

ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. “ಆಯ್ತು ಬಿಡಿ, ತೊಂದರೆ ಇಲ್ಲ,” ಎಂದರು ಅವರು, ಬಸ್ಸು ತಪ್ಪಿದವರಿಗೆ ಹೇಳುವ ಹಾಗೆ. “ಪಕ್ಕದ ಮೇಜಿನವರಿಗೂ ಅಧಿಕಾರ ಇದೆ, ಅವರು ಹಾಕ್ತಾರೆ. ನೀವು ನಾಲ್ಕು ದಿನ ರಜ ತಗೊಳ್ಳಿ.” ಹಿಂದೆ ಎಲ್ಲೋ ಹೌದು ಸಾರ್ ಎನ್ನುವ ದನಿ ಕೇಳಿದಂತಾಯಿತು. ಇಷ್ಟೇ ಆಗಿತ್ತು ಅವಳ ಸಹಿಯ ತೂಕ. ಆ ಸಹಿಯನ್ನು ತಡೆಹಿಡಿದು ಜಗತ್ತನ್ನೇ ನಿಲ್ಲಿಸುವವಳಂತೆ ಅವಳು ಬಸ್ಸಿನಲ್ಲಿ ಬೀಗುತ್ತ ಬಂದಿದ್ದಳು.

“ನೋಡಿದ್ಯಾ? ನಾನು ಏನಂದೆ?” ಎಂದ ಭಾವ. ಗೆದ್ದ ಖುಷಿ ಅವನ ದನಿಯಲ್ಲಿ ಇರಲಿಲ್ಲ. ಅವನು ಹೋಗಿ ಅಮ್ಮನ ಪಕ್ಕ ಮಂಚದ ಮೇಲೆ ಕೂತ.

ಅಕ್ಕ ಎದ್ದು ಯಂತ್ರದ ಖಾನೆಯಿಂದ ಬಟ್ಟೆಯ ಮೇಲೆ ಗುರುತು ಹಾಕುವ ಬಿಳಿ ಸೀಮೆಸುಣ್ಣ ತೆಗೆದು ಅವಳ ಮುಂದೆ ಹಿಡಿದಳು. “ಎಲ್ಲಿದೆ ತೋರಿಸು.”

“ಅಕ್ಕ, ಮೇಲೆ ಏನೂ ಕಾಣಲ್ಲ. ಕೊಳವೇನ ನೆಲದಿಂದ ಕೆಳಗೆ ಕತ್ತರಿಸಿ, ಮಣ್ಣು ಮುಚ್ಚಿರ್ತಾರೆ.”

“ಎಲ್ಲಿದೆ ಅಂತ ನಿನಗೆ ಗೊತ್ತಲ್ಲ. ಗೆರೆ ಹಾಕು.”

ಅವಳು ಮಂಡಿಯೂರಿದಳು. ಹೊಸ ನೆಲ ತಣ್ಣಗಿತ್ತು. ನಕ್ಷೆಯ ಮೇಲೆ ಏಳನೇ ಬಾವಿ ಒಂದು ಚುಕ್ಕೆ, ಸೂಜಿಯ ಮೊನೆಯಷ್ಟು. ಮೊದಲು ಯಂತ್ರದ ಕಾಲ ಬಳಿ ಒಂದು ಚುಕ್ಕೆ ಇಟ್ಟಳು. ಹಾಗೆ ಇಟ್ಟದ್ದೇ ಸುಳ್ಳು ಅನ್ನಿಸಿತು. ಹಳೆಯ ಕಾಲದ ಅಳತೆ, ಒಂದೆರಡು ಗಜ ಆ ಕಡೆ ಈ ಕಡೆ ಇರುತ್ತದೆ ಎಂದುಕೊಂಡು ಸುತ್ತ ಒಂದು ವೃತ್ತ ಎಳೆದಳು, ಕುಳಿತು ಊಟ ಮಾಡುವಷ್ಟು ಜಾಗ. ಅದೂ ಸರಿಯಲ್ಲ. ಬೇರೆ ಬಾವಿಗಳು ನಕ್ಷೆಯಲ್ಲಿದ್ದ ಜಾಗಕ್ಕಿಂತ ಎಷ್ಟು ದೂರ ಸಿಕ್ಕಿದ್ದವು ಎಂದು ಅವಳಿಗೆ ಗೊತ್ತಿತ್ತು. ಅದನ್ನು ಅಂಗೈಯಿಂದ ಒರೆಸಿ ಹಿಂದೆ ಸರಿದಳು. “ಇಷ್ಟೇನಾ?” ಎಂದಳು ಅಕ್ಕ. ಇಲ್ಲ, ಎಂದು ಇನ್ನೂ ಸರಿದಳು. ಮಂಡಿಯ ಮೇಲೆ ನಡೆಯುತ್ತ, ಸೀಮೆಸುಣ್ಣವನ್ನು ಎತ್ತದೆ, ಹೊಲಿಗೆ ಯಂತ್ರವನ್ನು ಒಳಗೆ ಹಾಕಿಕೊಂಡು, ಅಡುಗೆಮನೆಯ ಬಾಗಿಲನ್ನು ಒಳಗೆ ಹಾಕಿಕೊಂಡು ಎಳೆಯುತ್ತ ಹೋದಳು. ಮಂಚದ ಬಳಿ ಬಂದಾಗ ಅಮ್ಮ ಏನೂ ಕೇಳದೆ ಎರಡೂ ಕಾಲುಗಳನ್ನು ಮೇಲೆತ್ತಿಕೊಂಡಳು. ನೆಲ ಒರೆಸುವವರಿಗೆ ದಾರಿ ಬಿಡುವ ಹಾಗೆ. ಅವಳು ಮಂಚದ ಅಡಿಗೆ ತೂರಿ ಅಮ್ಮನ ಚಪ್ಪಲಿಗಳನ್ನು ಸರಿಸಿ ಗೆರೆ ಮುಂದುವರಿಸಿದಳು. ಹಣೆ ಗೋಡೆಗೆ ತಾಗಿತು.

“ಯಾಕೆ ನಿಲ್ಲಿಸಿದೆ?” ಭಾವನ ದನಿ ಮೇಲಿನಿಂದ.

“ಗೋಡೆ ಬಂತು.”

“ಮುಗೀತಾ ಹಾಗಾದ್ರೆ?”

“ಇಲ್ಲ. ಅರ್ಧ ವೃತ್ತ ಆಚೆ ಮನೇಲಿದೆ.”

ಮಂಚದ ಅಡಿಯಿಂದ ಅವಳು ಹೊರಗೆ ಬರುವಷ್ಟರಲ್ಲಿ ಭಾವ ಎದ್ದು ನಿಂತಿದ್ದ. ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುವ ಸದ್ದು, ಎಳೆಮಗುವಿನ ಅಳು, ಅದನ್ನು ರಮಿಸುವ ಗಂಡಸಿನ ದನಿ, ಇವೆಲ್ಲ ಗೋಡೆಯ ಮೂಲಕ ಬರುತ್ತಲೇ ಇದ್ದವು, ಇಷ್ಟು ಹೊತ್ತು ಕೇಳಿಸಿರಲಿಲ್ಲ. “ಅವರಿಗೆ ಈಗಲೇ ಹೇಳಬೇಡ,” ಎಂದ ಭಾವ, ತಗ್ಗಿದ ದನಿಯಲ್ಲಿ. “ಮೊದಲು ನಾವ್ ನಾವೇ ಕೂತು ಯೋಚನೆ ಮಾಡೋಣ. ಗಾಬರಿ ಮಾಡೋದು ಬೇಡ.” ಈ ಮಾತನ್ನು ಎಲ್ಲಿ ಕೇಳಿದ್ದೇನೆ ಎಂದು ಅವಳು ಹುಡುಕಬೇಕಾಗಲಿಲ್ಲ. ಬೆಳಿಗ್ಗೆ ಒಬ್ಬರು ಹೇಳಿದ್ದರು. ಅದಕ್ಕೂ ಮೊದಲು, ಬೇಸಿಗೆಯಿಂದ ದಿನವೂ, ತಾನೇ ತನಗೆ ಹೇಳಿಕೊಂಡಿದ್ದಳು.

ಅಕ್ಕ ಅಷ್ಟರಲ್ಲಿ ಚಪ್ಪಲಿ ಮೆಟ್ಟಿದ್ದಳು. ಹೆಗಲ ಮೇಲಿನ ಅಳತೆಪಟ್ಟಿಯನ್ನು ತೆಗೆಯುವುದೂ ಮರೆತು ಮುಂದಿನ ಬಾಗಿಲು ದಾಟಿದಳು. ಅವಳು ಹಿಂದೆಯೇ ಓಡಿದಳು, ಮಂಡಿಗೆ ಅಂಟಿದ ಬಿಳಿ ಪುಡಿಯನ್ನು ಕೊಡವಿಕೊಳ್ಳದೆ. ಹೊರಗೆ ಬಿಸಿಲು ಕಣ್ಣು ಕುಕ್ಕಿತು. ಪರರ ಮುಖ ನೋಡಿ ಮಾತಾಡಲು ನಾಚುವ ಅಕ್ಕ ಪಕ್ಕದ ಮನೆಯ ಮೆಟ್ಟಿಲು ಹತ್ತಿ ನಿಂತಿದ್ದಳು. ಅವಳ ಕತ್ತು ಕೆಂಪಾಗಿತ್ತು, ಸಿಟ್ಟಿಗೋ, ಸಂಕೋಚಕ್ಕೋ. ಒಂದು ಸಲವೂ ತಂಗಿಯ ಕಡೆ ತಿರುಗದೆ ಅವಳು ಬಾಗಿಲು ಬಡಿದಳು, ಒಳಗೆ ಯಾರೂ ಇಲ್ಲ ಎಂದುಕೊಳ್ಳಲು ಸಾಧ್ಯವೇ ಆಗದಷ್ಟು ಜೋರಾಗಿ.

“ಅಕ್ಕ, ಏನಂತ ಹೇಳಲಿ, ಅವರಿಗೆ ನಾನು ಯಾರಂತಲೂ ಗೊತ್ತಿಲ್ಲ...”

ಮಗುವಿನ ಅಳು ಬಾಗಿಲ ಹತ್ತಿರ ಬಂತು. ಚಿಲಕ ಸರಿಯಿತು. ಮಗುವನ್ನು ಹೆಗಲಿಗೆ ಹಾಕಿಕೊಂಡ ಯುವಕ ಅರ್ಧ ಬಾಗಿಲು ತೆರೆದು, ಅಕ್ಕನನ್ನೂ ಅವಳನ್ನೂ ಅವಳ ಬಿಳಿಯಾದ ಮಂಡಿಗಳನ್ನೂ ನೋಡಿದ.

ಅಕ್ಕ ಮೆಟ್ಟಿಲಿನಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

“ಹೇಳು,” ಎಂದಳು.